ಒಂದು ಸೇರಿಸೋ ಮೇಷ್ಟ್ರು ಮತ್ತು ಮೂರನೇ ಕೆಂಪು ಗುರುತು

“ಸ್ಪರ್ಧೆಗೆ ಕೂರೋದು ಮಗು ಅಂತ ಫಾರಮ್ಮಿನಲ್ಲಿ ಬರೆದಿರುತ್ತೆ. ನಂಬಬೇಡ. ಕೂರೋದು ಮನೆಮಂದಿಯೆಲ್ಲ.”

ಇದನ್ನು ನನಗೆ ಮೊದಲು ಹೇಳಿದ್ದು ನಮ್ಮ ಶ್ರೀರಾಂಪುರದ ಗಿರಿಜಕ್ಕ. ಮಕ್ಕಳ ಆನ್‌ಲೈನ್ ಗಣಿತ ಸ್ಪರ್ಧೆಗೆ ಕಾವಲು ಕೂರುವ ಕೆಲಸವನ್ನು ನನಗಿಂತ ಮುಂಚೆ ಮಾಡುತ್ತಿದ್ದವರು ಅವರೇ. ಕಣ್ಣಿನ ಡಾಕ್ಟರು ಇನ್ನು ಸಾಕು ಅಂದ ಮೇಲೆ ತಮ್ಮ ಹೆಡ್‌ಫೋನನ್ನು ನನ್ನ ಕೈಗಿಟ್ಟು ಇನ್ನೂ ಒಂದು ಮಾತು ಹೇಳಿದರು: “ಮಗುವಿನ ಮುಖ ನೋಡ್ತಾ ಕೂರಬೇಡ ಕಣೆ. ಅದರ ಕಣ್ಣು ಯಾವ ಕಡೆ ಓಡುತ್ತೆ ನೋಡು. ಆ ಕಡೆ ಯಾರೋ ಒಬ್ಬರು ಇದ್ದೇ ಇರ್ತಾರೆ.”

ಅಂದಿನಿಂದ ನೋಡುತ್ತಲೇ ಇದ್ದೇನೆ. ಯಾರೋ ಒಬ್ಬರು ಇದ್ದೇ ಇರುತ್ತಾರೆ. ಇಂಥ ಪ್ರಸಂಗಗಳಿಗೆ ಒಂದು ಭಾನುವಾರವೂ ರಜೆ ಇಲ್ಲ.

ಕೆಲಸ ಹೇಳಿಕೊಳ್ಳುವಂಥದ್ದೇನಲ್ಲ. ಭಾನುವಾರ ಹತ್ತರಿಂದ ಹನ್ನೊಂದು ಗಂಟೆಯವರೆಗೆ ಲ್ಯಾಪ್‌ಟಾಪ್ ಮುಂದೆ ಕೂರುವುದು. ಪರದೆಯ ಮೇಲೆ ಹನ್ನೆರಡು ಚೌಕ, ಚೌಕಕ್ಕೊಂದು ಮಗು. ಪ್ರತಿ ಮಗುವಿನ ಕ್ಯಾಮೆರಾ, ಮೈಕು ತೆರೆದೇ ಇರಬೇಕು. ಒಂದು ಮನೆಯ ಸದ್ದು ಇನ್ನೊಂದು ಮನೆಗೆ ಕೇಳಿಸುವುದಿಲ್ಲ, ಎಲ್ಲ ಬರುವುದು ನನ್ನ ಕಿವಿಗೆ. ಅವರು ಒತ್ತುವ ಉತ್ತರವೂ ನನಗೆ ಕಾಣುತ್ತದೆ. ಬಿ.ಎಸ್‌ಸಿ. ಓದಿ ಇಷ್ಟು ವರ್ಷವಾದ ಮೇಲೆ ಸಿಕ್ಕ ಉದ್ಯೋಗ. ನಮ್ಮ ಯಜಮಾನರು, “ಮನೇಲಿ ಕೂತು ಹನ್ನೆರಡು ಮನೆ ಇಣುಕಿ ನೋಡೋದು, ಅದಕ್ಕೆ ಸಂಬಳ ಬೇರೆ ಕೊಡ್ತಾರಾ?” ಎಂದು ಮೊದಲ ದಿನವೇ ಕೇಳಿದರು.

ನಿಯಮ ಮಾತ್ರ ಕಟ್ಟುನಿಟ್ಟು. “ಸ್ಪರ್ಧಿಯ ಮನೆಯವರು ಸ್ಪರ್ಧೆಯ ಹೊತ್ತಿನಲ್ಲಿ ಉತ್ತರ ಹೇಳಿ ಸಹಾಯ ಮಾಡಿದರೆ ಆ ಸ್ಪರ್ಧಿಗೆ ಒಂದು ಕೆಂಪು ಗುರುತು.” ಎರಡು ಸುತ್ತು, ಆಮೇಲೆ ಫೈನಲ್. ಎಲ್ಲ ಸೇರಿ ಮೂರು ಗುರುತಾದರೆ ಮಗು ಹೊರಗೆ. ಫೈನಲ್ಲಿನಲ್ಲಿ ಮೊದಲ ಹತ್ತರೊಳಗೆ ಬಂದವರಿಗೆ ಊರಾಚೆಯ ಒಂದು ಹಾಸ್ಟೆಲ್‌ನಲ್ಲಿ ಎರಡು ದಿನದ ಗಣಿತ ಶಿಬಿರ.

ಮಕ್ಕಳಿಗೆ ಆ ಶಿಬಿರ ಬೇಕು. ಮನೆಯವರಿಗೆ ಆ ಮಕ್ಕಳು ಗೆಲ್ಲಬೇಕು. ಮಧ್ಯೆ ಕೂತವಳು ನಾನು.

೧. ನಡೆದಾಡುವ ಬಟ್ಟೆ ರಾಶಿ

ಸ್ಪರ್ಧೆ ಶುರುವಾಗುವ ಮುಂಚೆ ಮಗುವಿನ ಕೋಣೆಯಲ್ಲಿ ಬೇರೆ ಯಾರೂ ಇಲ್ಲ ಅಂತ ತೋರಿಸಬೇಕು. ಅದಕ್ಕೆ ಮನೆಯವರು ಫೋನನ್ನು ನಾಲ್ಕೂ ಗೋಡೆಗೆ ತಿರುಗಿಸುತ್ತಾರೆ.

ನಮ್ಮ ಶ್ರೀರಾಂಪುರದ್ದೇ ಒಬ್ಬ ಮೂರನೇ ಕ್ಲಾಸಿನ ಹುಡುಗ. ತಾಯಿ ಬಹಳ ಅಚ್ಚುಕಟ್ಟು. ಹುಡುಗನ ಹಿಂದೆ ಗೋಡೆ, ಗೋಡೆಯ ಮೇಲೆ ಮಗ್ಗಿ ಚಾರ್ಟು, ಒಂದು ಹೂದಾನಿ. “ಕೋಣೆ ತೋರಿಸಿ ಮೇಡಂ” ಅಂದೆ.

“ಪೂರ್ತಿನಾ?” ಅಂದರು. ದನಿಯಲ್ಲಿ ಜೀವವೇ ಇರಲಿಲ್ಲ.

“ಪೂರ್ತಿ.”

“ಒಂದ್ನಿಮಿಷ ತಡೀರಿ.”

ಫೋನು ಬಲಕ್ಕೆ ತಿರುಗಿತು. ಮಂಚ, ಮಂಚದ ಮೇಲೆ ಒಗೆದು ಮಡಿಸದ ಬಟ್ಟೆಯ ಗುಡ್ಡ. ಫೋನು ಅಲ್ಲಿಂದ ಮುಂದೆ ಹೋಗದೆ ನಿಂತುಬಿಟ್ಟಿತು. ಸರಸರ ಸದ್ದಾಯಿತು. ಮತ್ತೆ ತಿರುಗಿದಾಗ ಆ ಗುಡ್ಡ ಕಿಟಕಿಯ ಕೆಳಗಿತ್ತು. ಇನ್ನೊಂದು ಗೋಡೆಗೆ ಬಂದರೆ ಅಲ್ಲೂ ಅದೇ ಗುಡ್ಡ, ಈ ಸಲ ಬೀರುವಿನ ಪಕ್ಕ. ಆಕೆ ಬಟ್ಟೆಯನ್ನು ಕ್ಯಾಮೆರಾದಿಂದ ತಪ್ಪಿಸಲು ಮುಂದೆ ಮುಂದೆ ತಳ್ಳುತ್ತಿದ್ದರು. ಕ್ಯಾಮೆರಾ ಅದರ ಹಿಂದೆಯೇ ಹೋಗುತ್ತಿತ್ತು.

“ಪರವಾಗಿಲ್ಲ ಮೇಡಂ, ನಮ್ಮನೇಲೂ ಹೀಗೇ ಇರುತ್ತೆ. ಮಂಚ ಇನ್ನೊಂದ್ಸಲ ತೋರಿಸಿ” ಅಂದೆ.

ಮಂಚದ ಮೇಲೆ ಇನ್ನೊಂದು ರಾಶಿ ಉಳಿದಿತ್ತು. ನಾನು ನೋಡುತ್ತಿದ್ದ ಹಾಗೇ ಅದು ಕೆಮ್ಮಿತು.

“ಅಲ್ಲಿ ಯಾರಿದ್ದಾರೆ?”

ಒಂದು ಬೆಡ್‌ಶೀಟು, ಎರಡು ಟವೆಲು ಸರಿದವು. ಹುಡುಗನ ತಂದೆ, ಅರ್ಧ ಕಣ್ಣು ತೆರೆದು, “ಆಯ್ತಾ ತಿಂಡಿ?” ಅಂದರು.

“ಕೋಣೇಲಿ ಯಾರೂ ಇರಬಾರದು ಅಂತ ಹೇಳಿದ್ದೆನಲ್ಲ ಮೇಡಂ!”

ಆಕೆಗೆ ನಿಜವಾಗಿಯೂ ಆಶ್ಚರ್ಯ. “ಅಯ್ಯೋ, ಇವರಿದ್ರೆ ಏನ್ ತೊಂದ್ರೆ? ಇವರಿಂದ ಯಾವ ಸಹಾಯಾನೂ ಆಗಲ್ಲ ಬಿಡಿ. ಹನ್ನೊಂದು ವರ್ಷದಿಂದ ನೋಡ್ತಿದ್ದೀನಿ.”

೨. ಬಾಗಿಲ ಹಿಂದಿನ ದನಿ

ಆರರಿಂದ ಎಂಟನೇ ಕ್ಲಾಸಿನವರ ಮೊದಲ ಸುತ್ತು. ಮೂರನೇ ಚೌಕದಲ್ಲಿ ಕೃಷ್ಣಮೂರ್ತಿಪುರಂನ ಒಬ್ಬ ಆರನೇ ಕ್ಲಾಸಿನ ಹುಡುಗಿ. ಎರಡು ಜಡೆ, ದೊಡ್ಡ ಕನ್ನಡಕ. ಪ್ರತಿ ಪ್ರಶ್ನೆಯನ್ನೂ ಮೂರು ಸಲ ಗಟ್ಟಿಯಾಗಿ ಓದಿ ಆಮೇಲೆ ಲೆಕ್ಕ ಮಾಡುವ ಅಭ್ಯಾಸ. ಹಾಗೆ ಓದಬಾರದು ಅಂತ ನಿಯಮವಿಲ್ಲ, ಸುಮ್ಮನಿದ್ದೆ.

ಆರನೇ ಪ್ರಶ್ನೆ ಬಂತು. “ನೂರು ಮೀಟರ್ ಉದ್ದದ ನೇರ ರಸ್ತೆ. ಈ ತುದಿಯಿಂದ ಆ ತುದಿಯವರೆಗೆ ಐದೈದು ಮೀಟರಿಗೆ ಒಂದೊಂದು ಗಿಡ ನೆಟ್ಟರೆ ಒಟ್ಟು ಎಷ್ಟು ಗಿಡ?”

ಹುಡುಗಿ ಮೂರನೇ ಸಲ ಓದಿ ಮುಗಿಸಿದ್ದೇ ತಡ, ಬಾಗಿಲ ಹಿಂದಿನಿಂದ ಒಂದು ಗಂಡು ದನಿ:

“ಒಂದು ಸೇರಿಸು!”

ಹುಡುಗಿಯ ಕೈ ನಿಂತಿತು. ಅದರ ಮಾತು ಬಿಡಿ, ಶ್ರೀರಾಂಪುರದಲ್ಲಿ ಕೂತಿದ್ದ ನನ್ನ ಬೆನ್ನು ನೆಟ್ಟಗಾಯಿತು. ನೂರನ್ನು ಐದರಿಂದ ಭಾಗಿಸಿದರೆ ಇಪ್ಪತ್ತು ಬರುತ್ತೆ, ಆದರೆ ಮೊದಲ ಗಿಡವನ್ನು ಎಣಿಸಿರುವುದಿಲ್ಲ, ಆದ್ದರಿಂದ ಒಂದು ಸೇರಿಸು, ಇಪ್ಪತ್ತೊಂದು. ಮೂವತ್ತು ವರ್ಷದ ಹಿಂದೆ ನಮ್ಮ ಹೈಸ್ಕೂಲಿನಲ್ಲಿ ಗಿಡ, ಕಂಬ, ಮೆಟ್ಟಿಲು, ಏನೇ ಬರಲಿ, ಡಸ್ಟರನ್ನು ಮೇಜಿಗೆ ಕುಟ್ಟಿ “ಒಂದು ಸೇರಿಸು!” ಅಂತ ಕೂಗುತ್ತಿದ್ದ ಗಣಿತದ ಮೇಷ್ಟ್ರ ದನಿ ಅದು. ಇಡೀ ಕೃಷ್ಣಮೂರ್ತಿಪುರಂನಲ್ಲಿ ಅವರ ಕೈಲಿ ಬೈಸಿಕೊಳ್ಳದೆ ಎಸ್ಸೆಸ್ಸೆಲ್ಸಿ ಪಾಸಾದವರು ಕಮ್ಮಿ.

ಆದರೆ ಈಗ ಕಾವಲು ನನ್ನದು. ಗಂಟಲು ಸರಿಮಾಡಿಕೊಂಡು, “ಬಾಗಿಲ ಹಿಂದೆ ಇರುವವರು ದಯವಿಟ್ಟು ಕ್ಯಾಮೆರಾ ಮುಂದೆ ಬನ್ನಿ” ಅಂದೆ.

ಬಂದರು. ತಲೆ ಬೆಳ್ಳಗಾಗಿತ್ತು, ಹುಬ್ಬು ಮಾತ್ರ ಹಾಗೇ. “ಯಾರಮ್ಮ ನೀನು?”

ಹೇಳಲೇಬೇಕಾಯಿತು. ಹೆಸರು ಕೇಳಿ, ಕನ್ನಡಕ ಮೇಲೇರಿಸಿ, ಪರದೆಯ ಹತ್ತಿರ ಬಂದರು. ನನ್ನ ಹನ್ನೆರಡು ಚೌಕದಲ್ಲಿ ಒಂದರ ತುಂಬ ಮೇಷ್ಟ್ರ ಮೂಗು.

“ಕಿಟಕಿ ಪಕ್ಕದ ಬೆಂಚು. ಪ್ರಿಪರೇಟರೀಲಿ ತೊಂಬತ್ತಾರು. ಹೌದೋ ಅಲ್ಲವೋ?”

“ಹೌದು ಸಾರ್.”

“ಈಗ ನನ್ನ ಮೊಮ್ಮಗಳಿಗೆ ನೀನು ಮಾರ್ಕು ಕಳೀತೀಯಾ?”

“ಮಾರ್ಕು ಕಳೆಯಲ್ಲ ಸಾರ್. ಒಂದು ಕೆಂಪು ಗುರುತು ಹಾಕ್ತೀನಿ. ನಿಯಮ.”

ಹುಡುಗಿ ಅಳು ತಡೆದುಕೊಂಡು, “ತಾತ, ನನಗೆ ಗೊತ್ತಿತ್ತು! ನಾನೇ ಸೇರಿಸ್ತಿದ್ದೆ! ಯಾಕ್ ಹೇಳಿದ್ರಿ?” ಅಂತು. ನನ್ನ ಕಡೆ ತಿರುಗಿ ಮೆತ್ತಗೆ ಕೇಳಿತು: “ಮಿಸ್, ಆ ಶಿಬಿರಕ್ಕೆ ಮನೆಯವರು ಯಾರೂ ಬರೋ ಹಾಗಿಲ್ಲ ಅಲ್ವಾ?”

“ಇಲ್ಲ ಪುಟ್ಟ. ಮಕ್ಕಳು ಮಾತ್ರ.”

“ಹಾಗಾದ್ರೆ ನನಗೆ ಅದು ಬೇಕೇ ಬೇಕು ಮಿಸ್.”

ಮೇಷ್ಟ್ರಿಗೆ ಇದು ಕೇಳಿಸಲಿಲ್ಲ. ಅವರು ಇನ್ನೂ ನನ್ನ ತೊಂಬತ್ತಾರರಲ್ಲೇ ಇದ್ದರು. “ಆ ನಾಲ್ಕು ಮಾರ್ಕು ಎಲ್ಲಿ ಹೋಯ್ತು ಅಂತ ಜ್ಞಾಪಕ ಇದೆಯೇನಮ್ಮ?”

ನಲವತ್ತೈದು ವಯಸ್ಸಿನ, ಎರಡು ಮಕ್ಕಳ ತಾಯಿ, ಆ ಹೊತ್ತಿನ ಮಟ್ಟಿಗೆ ಹನ್ನೆರಡು ಮಕ್ಕಳ ಮೇಲಿನ ಅಧಿಕಾರಿ, ಎದ್ದು ನಿಂತು ಹೇಳಿದೆ: “ಒಂದು ಸೇರಿಸೋದು ಮರೆತಿದ್ದೆ ಸಾರ್.”

೩. ಗೋಡೆ ನೋಡುವ ಬೆನ್ನು

ಅದೇ ಸುತ್ತಿನಲ್ಲಿ ಏಳನೇ ಚೌಕದ ಹುಡುಗಿ ದೇವರಾಜ ಮೊಹಲ್ಲಾದವಳು, ಏಳನೇ ಕ್ಲಾಸು. ಕೆಳಗೆ ಹೂವಿನಂಗಡಿ, ಮೇಲೆ ಒಂದೇ ಕೋಣೆಯ ಮನೆ. ಮಾರ್ಕೆಟ್ಟಿನ ಗಲಾಟೆ ಎಷ್ಟೆಂದರೆ ಅವಳೂ ಗಟ್ಟಿಯಾಗಿ ಓದಿದರೇನೇ ಅವಳ ಪ್ರಶ್ನೆ ಅವಳಿಗೆ ಕೇಳಿಸುವುದು. ಹಿಂದೆ ತಾಯಿ ಕೂತು ಹೂ ಕಟ್ಟುತ್ತಿದ್ದರು.

“ಅಮ್ಮ, ನೀವು ಆಚೆ ಹೋಗಬೇಕಾಗುತ್ತೆ” ಅಂದೆ.

“ಎಲ್ಲಿಗೋಗ್ಲಿ ಕಣ್ರವ್ವ? ಇರೋದೊಂದ್ ಮನೆ. ಹೂ ಬಾಡೋಯ್ತದೆ.”

ಹೂ ಬಾಡಿದರೆ ನನಗೆ ಪಾಪ. ಗೋಡೆ ಕಡೆ ತಿರುಗಿ ಕೂರಬೇಕು, ಉತ್ತರ ಹೇಳಬಾರದು ಅನ್ನುವ ಷರತ್ತಿನ ಮೇಲೆ ಒಪ್ಪಿದೆ. ಗಂಟೆಯ ಉದ್ದಕ್ಕೂ ಹುಡುಗಿಯ ಹಿಂದೆ ಒಂದು ಬೆನ್ನು, ಆಡುತ್ತಿರುವ ಎರಡು ಮೊಣಕೈ.

ಹನ್ನೊಂದನೇ ಪ್ರಶ್ನೆಯವರೆಗೆ ಬೆನ್ನು ತುಟಿಪಿಟಕ್ ಅನ್ನಲಿಲ್ಲ. ಆ ಪ್ರಶ್ನೆ ಇದು: “ಹದಿನೆಂಟು ಮೀಟರ್ ದಾರವನ್ನು ಮುಕ್ಕಾಲು ಮೀಟರಿನ ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡಿನಲ್ಲಿ ಒಂದೊಂದು ಹೂಮಾಲೆ ಕಟ್ಟಿದರೆ ಎಷ್ಟು ಮಾಲೆಯಾಗುತ್ತವೆ?”

ಮೊಣಕೈ ನಿಂತವು.

“ಮುಕ್ಕಾಲು ಮೀಟ್ರಲ್ಲಿ ಮಾಲೆನಾ?”

“ಅವ್ವ, ಸುಮ್ನಿರು!”

“ಅಲ್ಲ ಕಣೆ, ಯಾವ್ ದೇವ್ರಿಗೆ? ಎರಡ್ ಕಡೆ ಗಂಟಾಕಕ್ಕೇ ಒಂದ್ಗೇಣು ಬೇಕು. ಮಿಕ್ಕಿದ್ರಲ್ಲಿ ಏನ್ ಬತ್ತದೆ, ಬಾಲ?”

“ಅವ್ವಾ, ಇದು ಲೆಕ್ಕ!”

“ಲೆಕ್ಕ ಅಂದ್ಬುಟ್ಟು ದೇವ್ರಿಗ್ ಗಿಡ್ಡ ಮಾಲೆ ಆಕಕ್ಕಾಯ್ತದಾ?”

ನಾನು ಯೋಚನೆಗೆ ಬಿದ್ದೆ. ಇದು ಸಹಾಯವೋ ಅಲ್ಲವೋ? ಪುಸ್ತಕದ ಉತ್ತರ ಇಪ್ಪತ್ತನಾಲ್ಕು. ಆ ತಾಯಿಯ ಪ್ರಕಾರ ಒಂದು ಮಾಲೆಯೂ ಸರಿಯಾಗಿ ಆಗುವುದಿಲ್ಲ. ಸಂಸ್ಥೆಯ ಸಂಯೋಜಕನಿಗೆ ಫೋನು ಹಚ್ಚಿದೆ. ನನ್ನ ಮಗನಿಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು, ನಿಯಮದ ಪುಸ್ತಕ ಬಾಯಿಪಾಠ. “ಉತ್ತರ ಹೇಳಿಲ್ಲವಲ್ಲ ಮೇಡಂ, ಹಾಗಾದ್ರೆ ಗುರುತಿಲ್ಲ” ಅಂದ.

“ಗುರುತು ಹಾಕಲ್ಲಮ್ಮ, ಗೋಡೆ ನೋಡಿ” ಅಂದೆ.

ಗೋಡೆ ನೋಡುತ್ತಲೇ ಆಕೆ ಹೇಳಿದರು: “ಆಗ್ಲಿ ಕಣ್ರವ್ವ. ಆ ಪ್ರಶ್ನೆ ಮಾಡ್ದೋರ್ನ ಮಾತ್ರ ಒಂದಿನ ನಮ್ಮಂಗಡೀಗ್ ಕಳಿಸ್ಕೊಡಿ.”

೪. ಎರಡನೇ ಪ್ರಶ್ನೆಗೆ ಮಂಗಳಾರತಿ

ಎರಡನೇ ಸುತ್ತಿಗೆ ಮೇಷ್ಟ್ರ ಸೊಸೆ, ಅಂದರೆ ಆ ಕನ್ನಡಕದ ಹುಡುಗಿಯ ತಾಯಿ, ಮೊದಲೇ ಭರವಸೆ ಕೊಟ್ಟರು. “ಮಾವ ಹತ್ತು ಗಂಟೆಗೆ ಪೂಜೆಗೆ ಕೂರ್ತಾರೆ ಮೇಡಂ. ದೇವರ ಮನೆ ಬಾಗಿಲೂ ಹಾಕ್ಕೋತಾರೆ. ಒಂದು ಗಂಟೆ ಏಳೋದಿಲ್ಲ. ಮಾತೂ ಆಡೋದಿಲ್ಲ.”

ಈ ಸುತ್ತಿನಲ್ಲಿ ಪ್ರತಿ ಪ್ರಶ್ನೆಗೂ ಒಂದರಿಂದ ನಾಲ್ಕರವರೆಗೆ ನಂಬರು ಹಾಕಿ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದನ್ನು ಒತ್ತಬೇಕು. ಹುಡುಗಿ ಮೊದಲ ಪ್ರಶ್ನೆಯನ್ನೂ ಅದರ ನಾಲ್ಕು ಉತ್ತರವನ್ನೂ ಮೂರು ಸಲ ಓದಿದಳು. ದೇವರ ಮನೆಯಲ್ಲಿ ಗಂಟೆ: ಟಣ್, ಟಣ್.

ಪೂಜೆ ಶುರುವಾಯಿತು ಅಂದುಕೊಂಡೆ.

ಎರಡನೇ ಪ್ರಶ್ನೆ. ಟಣ್, ಟಣ್, ಟಣ್, ಟಣ್. ಮೂರನೇ ಪ್ರಶ್ನೆ. ಟಣ್.

ಗಿರಿಜಕ್ಕನ ಮಾತು ನೆನಪಾಯಿತು. ಹುಡುಗಿಯ ಕಣ್ಣು ಯಾವ ಕಡೆ ಓಡುತ್ತಿದೆ ಅಂತ ನೋಡಿದೆ. ಯಾವ ಕಡೆಗೂ ಇಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಎರಡು ಕೈಯಿಂದ ಕಿವಿ ಅದುಮಿಕೊಂಡು, ಗಂಟೆಗಿಂತ ಗಟ್ಟಿಯಾಗಿ ಹದಿನೇಳರ ಮಗ್ಗಿ ಹೇಳುತ್ತಿತ್ತು ಮಗು. ಗಂಟೆ ನಿಂತ ಮೇಲೆ ಕಣ್ಣು ಬಿಟ್ಟು, “ಮಿಸ್, ನಾನು ಎಣಿಸ್ಲಿಲ್ಲ. ದೇವರಾಣೆ ಎಣಿಸ್ಲಿಲ್ಲ” ಅಂತು.

ಸೊಸೆ ಓಡಿಹೋಗಿ ಬಾಗಿಲು ಬಡಿದರು. ಮೇಷ್ಟ್ರು ಮಡಿಯಲ್ಲೇ ಬಂದರು, ಕೈಯಲ್ಲಿ ಗಂಟೆ.

“ಏನಮ್ಮಾ, ನಮ್ಮನೆ ದೇವರಿಗೆ ಗಂಟೆ ಬಾರಿಸೋದಕ್ಕೂ ನಿನ್ನ ಪರ್ಮಿಷನ್ ಬೇಕೇನು?”

ಎದುರು ಹೇಳುವುದು ಹೇಗೆ? ಸಾಕ್ಷಿ ಏನಿದೆ? ದೇವರನ್ನು ಕರೆದು ಕೇಳುವ ಹಾಗಿಲ್ಲ. ಆಗ ನನಗೆ ಎಲ್ಲಿಂದ ಬುದ್ಧಿ ಬಂತೋ, ಕಿಟಕಿ ಪಕ್ಕದ ಬೆಂಚಿನ ಹುಡುಗಿಯ ಹಾಗೆ ಕೈ ಕಟ್ಟಿಕೊಂಡು ಹೇಳಿದೆ: “ಅದಲ್ಲ ಸಾರ್. ಎರಡನೇ ಪ್ರಶ್ನೆಗೆ ನಾಲ್ಕು ಸಲ ಬಾರಿಸಿದ್ರಿ. ಉತ್ತರ ಮೂರು ಸಾರ್.”

“ಏನು ಮೂರು?” ಮೇಷ್ಟ್ರು ಗರ್ಜಿಸಿದರು. “ನಾಲ್ಕೇ ಸರಿ! ತಲೆ ಎಲ್ಲಿಟ್ಟಿದ್ದೀಯಾ? ಬೋರ್ಡ್ ಮೇಲೆ ಮಾಡಿ ತೋರಿಸ್ಲಾ?”

ಮೇಷ್ಟ್ರು ಕೈಯಲ್ಲಿದ್ದ ಗಂಟೆ ನೋಡಿಕೊಂಡರು. ಸೊಸೆ ಮಾವನನ್ನು ನೋಡಿದರು. ಮೊಮ್ಮಗಳು ಹಣೆ ಚಚ್ಚಿಕೊಂಡಳು.

ಉತ್ತರ ನಾಲ್ಕೇ ಸರಿಯಿತ್ತು. ಎರಡನೇ ಕೆಂಪು ಗುರುತು ಹಾಕಿದೆ.

೫. ಇಪ್ಪತ್ತು ನಿಂಬೆಹಣ್ಣು

ಇಬ್ಬರು ಹುಡುಗಿಯರೂ ಫೈನಲ್ಲಿಗೆ ಬಂದರು. ಹೂವಿನಂಗಡಿಯ ಹುಡುಗಿಯ ಲೆಕ್ಕದಲ್ಲಿ ಒಂದು ಗುರುತೂ ಇಲ್ಲ. ಮೇಷ್ಟ್ರ ಮೊಮ್ಮಗಳಿಗೆ ಎರಡು. ಇನ್ನೊಂದು ಬಿದ್ದರೆ ಶಿಬಿರವಿಲ್ಲ, ಹಾಸ್ಟೆಲಿಲ್ಲ, ತಾತನಿಲ್ಲದ ಎರಡು ದಿನವಿಲ್ಲ.

ಹಿಂದಿನ ದಿನ ಸೊಸೆ ನನಗೆ ಫೋನು ಮಾಡಿದರು. “ನಾಳೆ ಮಾವನನ್ನ ಮನೇಲೇ ಇಟ್ಕೊಳ್ಳಲ್ಲ ಮೇಡಂ. ಮಾರ್ಕೆಟ್ಟಿಗೆ ಕಳಿಸ್ತಿದ್ದೀನಿ. ಚೀಟಿ ಬರೆದಿದ್ದೀನಿ. ಮಾವ ಒಂದು ನಿಂಬೆಹಣ್ಣು ಆರಿಸೋಕೆ ಕಾಲು ಗಂಟೆ ತಗೋತಾರೆ.”

“ಎಷ್ಟು ನಿಂಬೆಹಣ್ಣು ಬರೆದಿದ್ದೀರಿ?”

“ಇಪ್ಪತ್ತು.”

ಮನಸ್ಸಿನಲ್ಲೇ ಗುಣಿಸಿದೆ. ಐದು ಗಂಟೆ. ಭೇಷ್ ಅಂದೆ. ಅದೂ ಅಲ್ಲದೆ ಮೇಷ್ಟ್ರಿಂದ ಮಾತೂ ತಗೊಂಡಿದ್ದರಂತೆ: ಈ ಮನೆಯಲ್ಲಿ ಸ್ಪರ್ಧೆ ಮುಗಿಯುವವರೆಗೆ ಬಾಯಿ ಬಿಡುವುದಿಲ್ಲ ಅಂತ.

ಭಾನುವಾರ ಹತ್ತು ಗಂಟೆ. ಮೂರನೇ ಚೌಕದಲ್ಲಿ ಕನ್ನಡಕದ ಹುಡುಗಿ, ಹಿಂದೆ ತೆರೆದ ಬಾಗಿಲು, ಬಾಗಿಲಾಚೆ ಯಾರೂ ಇಲ್ಲ. ಏಳನೇ ಚೌಕದಲ್ಲಿ ಹೂವಿನಂಗಡಿಯ ಹುಡುಗಿ, ಹಿಂದೆ ಬರೀ ಗೋಡೆ. ಭಾನುವಾರದ ವ್ಯಾಪಾರ, ತಾಯಿ ಕೆಳಗೆ ಅಂಗಡಿಯಲ್ಲಿದ್ದರು. ಈ ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ನಾನು ಕಾಫಿ ಬಿಸಿ ಇರುವಾಗಲೇ ಕುಡಿದೆ.

ಹತ್ತೂ ನಲವತ್ತಕ್ಕೆ ಏಳನೇ ಚೌಕದಲ್ಲಿ ಮೆಟ್ಟಿಲು ಹತ್ತುವ ಸದ್ದು. ಆ ತಾಯಿಯ ದನಿ: “ಬನ್ನಿ ಸಾ, ಮ್ಯಾಲೆ ಬನ್ನಿ. ಆ ಬಿಸ್ಲಲ್ಲಿ ಯಾಕ್ ನಿಂತ್ಕತೀರಿ? ಹೂ ಕಟ್ಕೊಡ್ತೀನಿ, ಅಷ್ಟೊತ್ಗೆ ಕಾಫಿ ಕುಡೀವ್ರಂತೆ. ಮಗ್ಳು ಏನೋ ಬರೀತಾವ್ಳೆ, ನೀವ್ ಇಂಗ್ ಕುಂತ್ಕಳಿ.”

ಚೌಕದೊಳಕ್ಕೆ ಮೊದಲು ಒಂದು ಕೊಡೆ ಬಂತು. ಆಮೇಲೆ ಬಿಳಿ ಪಂಚೆ. ಆಮೇಲೆ ಒಂದು ಬಟ್ಟೆ ಚೀಲ, ಅದರ ತಳದಲ್ಲಿ ಮೂರೇ ಮೂರು ನಿಂಬೆಹಣ್ಣಿನ ಗುಂಡು ಗುಂಡು ಉಬ್ಬು. ಮೇಷ್ಟ್ರು ಆ ಅಂಗಡಿಗೆ ಮೂವತ್ತು ವರ್ಷದ ಗಿರಾಕಿ ಅಂತ ನನಗಾಗಲಿ ಸೊಸೆಗಾಗಲಿ ಹೇಗೆ ಗೊತ್ತಾಗಬೇಕು? ಹುಡುಗಿಯ ಹಿಂದಿನ ಮಣೆಯ ಮೇಲೆ ಕೂತರು.

ನಾನು ಕಾಫಿ ಲೋಟ ಕೆಳಗಿಟ್ಟು ಮೈಕಿನ ಗುಂಡಿ ಹುಡುಕುವಷ್ಟರಲ್ಲಿ ಹುಡುಗಿ ಪ್ರಶ್ನೆ ಓದತೊಡಗಿದ್ದಳು: “ದುಂಡನೆಯ ಕೊಳದ ಸುತ್ತಳತೆ ನೂರ ಇಪ್ಪತ್ತು ಮೀಟರ್. ಅದರ ಅಂಚಿನ ಸುತ್ತ ಹತ್ತು ಹತ್ತು ಮೀಟರಿಗೆ ಒಂದೊಂದು ದೀಪದ ಕಂಬ ನೆಟ್ಟರೆ ಒಟ್ಟು ಎಷ್ಟು ಕಂಬ?”

ಕಂಬ ಅನ್ನುವ ಶಬ್ದ ಕಿವಿಗೆ ಬಿದ್ದ ಮೇಲೆ ಆ ಮನುಷ್ಯನನ್ನು ತಡೆಯಲು ಯಾರಿಂದ ಸಾಧ್ಯ?

“ಹನ್ನೆರಡು! ಒಂದು ಸೇರಿಸು! ಹದಿಮೂರು!”

“ಸಾರ್!” ಅಂತ ಕಿರುಚಿದೆ.

ಮೇಷ್ಟ್ರು ಬೆಚ್ಚಿಬಿದ್ದು ಗೋಡೆ, ಸೂರು, ಬಾಗಿಲು ಎಲ್ಲ ನೋಡಿದರು. ಕೊನೆಗೆ ಫೋನಿನಲ್ಲಿ ನನ್ನ ಮುಖ ಕಂಡಿತು. “ಇಲ್ಲಿಗೂ ಬಂದ್ಬುಟ್ಟೆಯೇನಮ್ಮಾ?”

“ಸಾರ್, ನೀವು ಬಾಯಿ ಬಿಡಲ್ಲ ಅಂತ ಮಾತು ಕೊಟ್ಟಿದ್ದಿರಿ!”

“ನನ್ನ ಮನೇಲಿ ಬಿಡೋಲ್ಲ ಅಂದಿದ್ದೆ. ಇದು ನನ್ನ ಮನೆಯಾ?”

ಹೂವಿನಂಗಡಿಯ ಹುಡುಗಿ ಹಿಂದೆ ತಿರುಗಿ, ಬಹಳ ಮರ್ಯಾದೆಯಿಂದ, “ಆಯ್ತು ಸಾರ್” ಅಂದಳು. ಆಮೇಲೆ ಮುಂದಕ್ಕೆ ತಿರುಗಿ ಹನ್ನೆರಡು ಅಂತ ಒತ್ತಿದಳು.

ನಾನು ಆ ಉತ್ತರ ನೋಡಿದೆ. ಪ್ರಶ್ನೆಯನ್ನು ಮತ್ತೆ ಓದಿದೆ. ದುಂಡನೆಯ ಕೊಳ. ನೇರ ರಸ್ತೆಯಾದರೆ ಈ ತುದಿಯ ಕಂಬ ಬೇರೆ, ಆ ತುದಿಯ ಕಂಬ ಬೇರೆ. ಕೊಳವನ್ನು ಸುತ್ತಿ ಬಂದರೆ ಕೊನೆಗೆ ಸಿಗುವುದು ಹೊರಟ ಕಂಬವೇ. ಸೇರಿಸಲು ಅಲ್ಲಿ ಏನೂ ಇಲ್ಲ. ಹನ್ನೆರಡೇ ಸರಿ.

ಮೇಷ್ಟ್ರು ತಪ್ಪು ಹೇಳಿದ್ದರು.

ಆದರೆ ಅದಕ್ಕಿಂತ ದೊಡ್ಡ ಕಷ್ಟ ಬೇರೆ ಇತ್ತು. ನಿಯಮ ಏನು? ಸ್ಪರ್ಧಿಯ ಮನೆಯವರು ಉತ್ತರ ಹೇಳಿ ಸಹಾಯ ಮಾಡಿದರೆ ಆ ಸ್ಪರ್ಧಿಗೆ ಗುರುತು. ಮೇಷ್ಟ್ರು ಹೂವಿನಂಗಡಿಯ ಹುಡುಗಿಯ ಮನೆಯವರಲ್ಲ. ಅವರು ಮನೆಯವರಾಗಿರುವುದು ಮೂರನೇ ಚೌಕದಲ್ಲಿ ಏನೂ ಅರಿಯದೆ ಕೂತಿರುವ ಮೊಮ್ಮಗಳಿಗೆ. ಯಾರಿಗೆ ಸಹಾಯ ಮಾಡಬಾರದು ಅಂತ ನಿಯಮದಲ್ಲಿ ಬರೆದೇ ಇಲ್ಲ.

ಸಂಯೋಜಕನಿಗೆ ಫೋನು ಮಾಡಿದೆ. ಪೂರ್ತಿ ಕೇಳಿ ಅವನು ಹೇಳಿದ್ದು: “ರೂಲ್ ಪ್ರಕಾರ ಆ ಮೊಮ್ಮಗಳಿಗೆ ಮೂರನೇದು ಮೇಡಂ. ಔಟ್.”

“ಅಯ್ಯೋ, ಆ ಮಗುವಿಗೆ ಗೊತ್ತೇ ಇಲ್ಲಪ್ಪ! ತಾತ ಬೇರೆ ಮೊಹಲ್ಲಾದಲ್ಲಿದ್ದಾರೆ!”

“ನಾನೇನ್ ಮಾಡ್ಲಿ ಮೇಡಂ, ಬರೆದಿರೋದೇ ಹಾಗೆ.”

ಅಷ್ಟರಲ್ಲಿ ಮೂರನೇ ಚೌಕದ ಹುಡುಗಿಯೂ ಕೊಳದ ಪ್ರಶ್ನೆಗೆ ಬಂದಿದ್ದಳು. ಮೂರು ಸಲ ಓದಿದಳು. ಹದಿಮೂರು ಅಂತ ಒತ್ತಿದಳು. ಒತ್ತಿ, ಅಭ್ಯಾಸದಂತೆ ಬಾಗಿಲ ಕಡೆ ನೋಡಿದಳು. ದನಿ ಬರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದಳು. ಇಲ್ಲ. ಹುಡುಗಿ ನಿಧಾನವಾಗಿ ಕಚ್ಚಾ ಹಾಳೆ ಎಳೆದುಕೊಂಡು, ಒಂದು ದುಂಡು ಬರೆದು, ಸುತ್ತ ಚುಕ್ಕಿ ಇಡತೊಡಗಿದಳು. ಒಂದು, ಎರಡು, ಮೂರು. ಹನ್ನೆರಡರ ಮುಂದೆ ಮೊದಲ ಚುಕ್ಕಿ ಸಿಕ್ಕಿತು. ಪೆನ್ಸಿಲ್ಲು ಅಲ್ಲೇ ನಿಂತಿತು. ಬಾಗಿಲ ಕಡೆ ಇನ್ನೊಂದು ಸಲ ನೋಡಿ, ಕಳ್ಳಿಯ ಹಾಗೆ ಹದಿಮೂರನ್ನು ಅಳಿಸಿ ಹನ್ನೆರಡು ಒತ್ತಿದಳು.

ಇಂಥ ಮಗುವನ್ನು ಹೊರಗೆ ಹಾಕುವುದೇ?

“ನೋಡಪ್ಪ,” ಅಂದೆ ಫೋನಿನಲ್ಲಿ, “ನಿಯಮದಲ್ಲಿ ‘ಸಹಾಯ’ ಅಂತ ಇದೆಯಲ್ಲ. ತಪ್ಪು ಉತ್ತರ ಹೇಳಿಕೊಟ್ಟರೆ ಅದು ಸಹಾಯಾನಾ?”

“ತಪ್ಪಾ? ಗಣಿತದ ಮೇಷ್ಟ್ರು ಅಂದ್ರಲ್ಲ ಮೇಡಂ?”

“ನಲವತ್ತು ವರ್ಷದ ಸರ್ವೀಸು.”

ಹಾಳೆ ತಿರುವುವ ಸದ್ದು ಕೇಳಿಸಿತು. “ಹಾಗಾದ್ರೆ ಇದು ಸಹಾಯ ಅಲ್ಲ ಮೇಡಂ. ಅಡಚಣೆ. ಅಡಚಣೆಗೆ ಗುರುತಿಲ್ಲ. ಆದ್ರೆ ಅವರು ಹೇಳಿದ್ದು ತಪ್ಪು ಅಂತ ನೀವು ಬರೆದು ಸಹಿ ಮಾಡ್ಬೇಕು.”

ಬರೆದೆ. “ಮೇಷ್ಟ್ರು ಹೇಳಿದ ಉತ್ತರ ತಪ್ಪು.” ನಾಲ್ಕೇ ಶಬ್ದದ ಕೆಳಗೆ ಸಹಿ ಮಾಡುವಾಗ ಡಸ್ಟರು ಎಲ್ಲಿಂದ ಹಾರಿ ಬರುತ್ತದೋ ಅಂತ ಒಂದು ಸಲ ಹಿಂದೆ ತಿರುಗಿ ನೋಡಿದೆ.

ಇಬ್ಬರು ಹುಡುಗಿಯರೂ ಮೊದಲ ಹತ್ತರೊಳಗೆ ಬಂದರು. ಹೂವಿನಂಗಡಿಯ ಹುಡುಗಿಗೆ ಫೋನು ಮಾಡಿ ಕೇಳಿದೆ, “ಸಾರ್ ಹದಿಮೂರು ಅಂದಾಗ ನೀನು ಆಯ್ತು ಅಂದೆ, ಒತ್ತಿದ್ದು ಹನ್ನೆರಡು. ಹೇಗೆ?”

“ಹಾರ ಕಟ್ತೀವಲ್ಲ ಮಿಸ್, ಎರಡು ತುದೀನೂ ಸೇರಿಸಿ ಗಂಟಾಕಿದ್ರೆ ಕೊನೇ ಹೂವಿನ ಪಕ್ಕಕ್ಕೆ ಮೊದಲ್ನೇ ಹೂವೇ ಬರೋದು. ಅಲ್ಲಿ ಇನ್ನೊಂದು ಎಲ್ಲಿ ಸೇರಿಸ್ಲಿ?”

“ಅವರಿಗೆ ಹೇಳಬಾರದಿತ್ತಾ?”

“ನಮ್ಮ ಗಿರಾಕಿ ಮಿಸ್.”

ಮೇಷ್ಟ್ರ ಸೊಸೆಗೂ ಎಲ್ಲ ಹೇಳಿದೆ. ಆಕೆ ನಕ್ಕು ನಕ್ಕು, ಆಮೇಲೆ ಗಂಭೀರವಾಗಿ, “ದಮ್ಮಯ್ಯ, ಮಾವನಿಗೆ ಮಾತ್ರ ಹೇಳ್ಬೇಡಿ. ಊಟ ಬಿಟ್ಬಿಡ್ತಾರೆ” ಅಂದರು. ಮೊಮ್ಮಗಳು ಪೆಟ್ಟಿಗೆ ತುಂಬಿಕೊಂಡು ಶಿಬಿರಕ್ಕೆ ಹೋದಳು. ಅವಳೂ ಹೇಳಲಿಲ್ಲ.

ಮೊನ್ನೆ ಮೇಷ್ಟ್ರೇ ಫೋನು ಮಾಡಿದ್ದರು. ದನಿಯಲ್ಲಿ ಏನು ಉತ್ಸಾಹ! “ಏನಮ್ಮಾ, ಕೇಳಿದೆ. ಆ ಕಂಬದ ಲೆಕ್ಕ ಇಬ್ಬರು ಹುಡುಗೀರಿಗೂ ಸರಿಬಂತಂತೆ? ನೋಡಿದೆಯಾ? ಒಬ್ಬಳಿಗೆ ಎದುರಿಗೇ ಹೇಳಿದೆ, ಇನ್ನೊಬ್ಬಳಿಗೆ ಆರು ವರ್ಷದಿಂದ ಹೇಳ್ತಾ ಬಂದಿದ್ದೀನಿ. ಪಾರ್ಕಿನಲ್ಲಿ ಎಲ್ಲರಿಗೂ ಅದೇ ಅಂದೆ: ಒಂದು ಸೇರಿಸಿದ್ರು, ಗೆದ್ರು!”

“ಹೌದು ಸಾರ್” ಅಂದೆ. ಎದ್ದು ನಿಂತೇ ಅಂದೆ.

ಅವರಿಗೆ ನಿಜ ಹೇಳುವ ಧೈರ್ಯ ಸೊಸೆಗಿಲ್ಲ, ಮೊಮ್ಮಗಳಿಗಿಲ್ಲ, ಹೂವಿನಂಗಡಿಗಿಲ್ಲ, ತೊಂಬತ್ತಾರು ತೆಗೆದ ನನಗಂತೂ ಇಲ್ಲವೇ ಇಲ್ಲ. ಹಾಗಂತ ಹೊಟ್ಟೆಯೊಳಗೆ ಇಟ್ಟುಕೊಳ್ಳುವಂಥ ವಿಷಯವೂ ಅಲ್ಲ. ಆದ್ದರಿಂದ ಮೇಷ್ಟ್ರೊಬ್ಬರನ್ನು ಬಿಟ್ಟು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಗಿರಿಜಕ್ಕನಿಂದ ಶುರುಮಾಡಿ ಇವತ್ತಿಗೆ ಸರಿಯಾಗಿ ಹನ್ನೆರಡು ಜನಕ್ಕೆ ಹೇಳಿ ಮುಗಿಸಿದ್ದೇನೆ.

ನೀವು ಒಂದು ಸೇರಿಸಿ.